ಅತ್ತೆಯ ಹೂಂ ಮತ್ತು ಹರಿಹರದ ಮನೆ

ಆವತ್ತು ರೊಟ್ಟಿ ದುಂಡಗೆ ಬರಲಿಲ್ಲ.

ನಮ್ಮ ಅತ್ತೆಯ ಕೈಯಲ್ಲಿ ರೊಟ್ಟಿ ದುಂಡಗೆ ಬರಲಿಲ್ಲ ಎಂದರೆ ಹರಿಹರದಲ್ಲಿ ಯಾರೂ ನಂಬುವುದಿಲ್ಲ. ಅಲ್ಲಿ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದವರು ಅವರು. ಕಾರ್ಖಾನೆಯ ಶಿಫ್ಟ್ ಬಿಟ್ಟ ಗಂಡಸರು ಸಾಲಾಗಿ ಕೂತರೆ ಒಬ್ಬರೇ ಬಡಿದು, ಬೇಯಿಸಿ, ಬಡಿಸುತ್ತಿದ್ದರು. ಆ ದಿನ ಬೆಳಿಗ್ಗೆ ದಾವಣಗೆರೆಯ ನಮ್ಮ ಬಾಡಿಗೆ ಮನೆಯಲ್ಲಿ ಹಂಚಿನ ಮೇಲೆ ಬಿದ್ದ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅಂಚು ಹರಿದಿತ್ತು.

“ಏನ್ರಿ ಅತ್ತಿ, ಇವತ್ತು ರೊಟ್ಟಿ ಹೋಗಿ ನಕಾಶೆ ಆಗೈತೆ” ಎಂದು ನಕ್ಕೆ.

“ಹೂಂ” ಎಂದರು.

ಮುಖ ಬಾಡಿತ್ತು. ಗ್ಯಾಸ್ ಇರಬೇಕು ಎಂದು ನಾನೇ ತೀರ್ಮಾನ ಮಾಡಿದೆ. ನಿಂಬೆಹಣ್ಣು ಹಿಂಡಿ ಸೋಡಾ ಕುಡಿಸಿದೆ. ಅರ್ಧದಷ್ಟು ಬಾಯಿಯ ಬಲ ತುದಿಯಿಂದ ಸೋರಿ ಸೀರೆ ಮೇಲೆ ಬಿತ್ತು. ಅದನ್ನೂ ಒರೆಸಿದೆ. ಮಲಗಿಸಿ, ಫ್ಯಾನ್ ಹಾಕಿ, ಬಾಗಿಲು ಮುಂದೆ ಎಳೆದುಕೊಂಡು ಕೆಲಸಕ್ಕೆ ಹೋದೆ. ನಾನು ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಅಡ್ಮಿಷನ್ ಸಮಯ, ರಜೆ ಕೇಳುವ ಹಾಗಿರಲಿಲ್ಲ. ಕೇಳಲೂ ಇಲ್ಲ.

ಊಟಕ್ಕೆ ಬಂದಾಗ ಅತ್ತೆ ನೆಲದ ಮೇಲಿದ್ದರು.

ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್ ಎಂದರು. ಕಂಪ್ಯೂಟರ್ ಪರದೆಯಲ್ಲಿ ಕಪ್ಪಗೆ ಒಂದು ಜಾಗ ತೋರಿಸಿ ಡಾಕ್ಟರು ಕೇಳಿದರು, “ಮೊದಲು ಯಾವಾಗ ಗೊತ್ತಾಯ್ತಮ್ಮ?”

“ಬೆಳಿಗ್ಗೆ ಏಳಕ್ಕೆ, ಸರ್.”

ಅವರು ಗೋಡೆಯ ಗಡಿಯಾರ ನೋಡಿದರು. ಕ್ಲಾಟ್ ಕರಗಿಸುವ ಇಂಜೆಕ್ಷನ್ ಒಂದಿದೆಯಂತೆ. ಅದನ್ನು ಮೊದಲ ನಾಲ್ಕೂವರೆ ತಾಸಿನೊಳಗೆ ಕೊಡಬೇಕಂತೆ. ಆ ಹೊತ್ತನ್ನು ನಾನು ಆಫೀಸಿನಲ್ಲಿ ಅರ್ಜಿಗಳಿಗೆ ಸೀಲು ಹಾಕುತ್ತಾ ಕಳೆದಿದ್ದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನನ್ನ ಗಂಡ ಹೃದಯಾಘಾತದಿಂದ ತೀರಿಕೊಂಡು ಐದು ವರ್ಷ. ಮಕ್ಕಳಿಲ್ಲ. ಅತ್ತೆ ಖಾನಾವಳಿ ಮುಚ್ಚಿ ನನ್ನ ಜೊತೆ ದೇವರಾಜ ಅರಸು ಬಡಾವಣೆಯಲ್ಲಿ ಇದ್ದರು. ಹರಿಹರದ ಮನೆಗೆ ಬೀಗ. ಮೂರು ವರ್ಷದ ಹಿಂದೆ ಅವರು ಆ ಮನೆಯನ್ನು ದಾನಪತ್ರ ಮಾಡಿ ನನ್ನ ಹೆಸರಿಗೆ ಬರೆದರು. ನಾನು ಕೇಳಿರಲಿಲ್ಲ. ನೆಂಟರೆಲ್ಲ ಹೌಹಾರಿದರು. ಸೊಸೆ ಇನ್ನೂ ಚಿಕ್ಕವಳು, ನಾಳೆ ಇನ್ನೊಂದು ಮದುವೆ ಮಾಡಿಕೊಂಡು ಹೋದರೆ ಏನು ಗತಿ ಎಂದು ಯಾರೋ ಕೇಳಿದ್ದಕ್ಕೆ ಅತ್ತೆ, “ಹೋದ್ರೆ ಹೋಗ್ಲಿ, ಬರಿಗೈಲಿ ಯಾಕ ಹೋಗ್ಬೇಕು?” ಅಂದಿದ್ದರು. ಅಂಥ ಬಾಯಿ ಅವರದು. ಕಾರ್ಖಾನೆಯ ಮಂದಿ ಅವರ ರೊಟ್ಟಿಗೆ ಎಷ್ಟು ಬರುತ್ತಿದ್ದರೋ ಅವರ ಮಾತಿಗೂ ಅಷ್ಟೇ ಬರುತ್ತಿದ್ದರು.

ಆ ಬಾಯಲ್ಲಿ ಈಗ ಉಳಿದದ್ದು ಹೂಂ ಒಂದೇ.

ಮೊದಮೊದಲು ನಮಗೆ ಸಂತೋಷವೇ ಆಯಿತು. ನೀರು ಬೇಕೇನ್ರಿ? ಹೂಂ. ನೋವೈತೇನ್ರಿ? ಹೂಂ. ಮಾತು ಬಂತು ಎಂದು ವಾರ್ಡಿನಲ್ಲಿ ಸಿಸ್ಟರ್‌ಗಳಿಗೆಲ್ಲ ಹೇಳಿಕೊಂಡು ತಿರುಗಿದೆ. ಬಲಗೈ, ಬಲಗಾಲು ಆಡುತ್ತಿರಲಿಲ್ಲ. ನುಂಗಲು ಆಗದೆ ಮೂಗಿಗೆ ಟ್ಯೂಬ್ ಹಾಕಿದರು. ಅದರಲ್ಲೇ ನ್ಯುಮೋನಿಯಾ ಆಗಿ ಐ.ಸಿ.ಯು.ಗೆ ಹೋದರು. ಹನ್ನೊಂದು ದಿನ. ಹೊರಗಿನ ಬೆಂಚಿನ ಮೇಲೆ ಕೂತು ಕೂತು ನನ್ನ ಸೊಂಟ ಹೋಯಿತು. ಯಾರು ಕೂಗಿದರೂ ಎದ್ದು ನಿಲ್ಲುವುದು ಅಭ್ಯಾಸವಾಯಿತು.

ಮನೆಗೆ ಕರೆತಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಡೈಪರ್. ಫಿಸಿಯೋಥೆರಪಿ. ನಾನು ಕೆಲಸಕ್ಕೆ ಹೋಗಬೇಕಾದರೆ ನೋಡಿಕೊಳ್ಳಲು ಒಬ್ಬ ಹೆಂಗಸು. ನನ್ನ ಒಡವೆ ಮೊದಲ ಎರಡು ತಿಂಗಳಲ್ಲೇ ಮುಗಿದವು. ಥೆರಪಿ ಒಂದು ವರ್ಷವಾದರೂ ಬಿಡದೆ ನಡೆದರೆ ಎದ್ದು ನಾಲ್ಕು ಹೆಜ್ಜೆ ಇಡಬಹುದು, ನಿಲ್ಲಿಸಿದರೆ ಇಷ್ಟೇ ಎಂದರು ಡಾಕ್ಟರು. ಮಾರಲು ನಮ್ಮ ಬಳಿ ಇದ್ದದ್ದು ಹರಿಹರದ ಮನೆ.

ಅದು ನನ್ನ ಹೆಸರಿನಲ್ಲೇ ಇತ್ತಲ್ಲ, ಇ-ಖಾತೆಯೂ ಆಗಿತ್ತಲ್ಲ, ಮಾರುವುದು ಸುಲಭ ಎಂದುಕೊಂಡಿದ್ದೆ. ಕೊಳ್ಳಲು ಬಂದವರು ಅಲ್ಲಿಯೇ ಹಾರ್ಡ್‌ವೇರ್ ಅಂಗಡಿ ಇಟ್ಟವರು. ದಾನಪತ್ರವನ್ನು ಎರಡು ಸಲ ಓದಿದರು. ಅತ್ತೆಯನ್ನು ಕೊನೆತನಕ ನಾನು ನೋಡಿಕೊಳ್ಳಬೇಕು ಎಂದು ಅದರಲ್ಲಿ ಬರೆದಿತ್ತು.

“ಅಮ್ಮಾರೆ, ನಿಮ್ಮ ಮೇಲೆ ಅನುಮಾನ ಅಲ್ಲ. ನಾಳೆ ಅಜ್ಜಿ ಕಡೆಯಿಂದ ಯಾರಾರ ಎ.ಸಿ. ಸಾಹೇಬ್ರ ಆಫೀಸಿಗೆ ಅರ್ಜಿ ಕೊಟ್ರೆ? ಸೊಸಿ ನೋಡ್ಕೊಳ್ಳಲಿಲ್ಲ ಅಂತ ದಾನಪತ್ರ ರದ್ದು ಮಾಡಿದ್ರೆ ನನ್ನ ಗತಿ ಏನು? ಅಜ್ಜಿ ರಿಜಿಸ್ಟ್ರಾರ್ ಮುಂದ ಬಂದು ಒಪ್ಪಿಗೆ ಐತೆ ಅನ್ಲಿ. ಹೆಬ್ಬೆಟ್ಟು ಒತ್ಲಿ. ಅಷ್ಟು ಸಾಕು.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅತ್ತೆಗೆ ನಾನು ಮನೆ ಮಾರುವ ವಿಷಯ ಹೇಳಿಯೇ ಇರಲಿಲ್ಲ. ಕಾಯಿಲೆಯವರ ಮುಂದೆ ಕೆಟ್ಟ ಸುದ್ದಿ ಆಡಬಾರದು ಎನ್ನುವುದು ನಮ್ಮ ಕಡೆಯ ರೂಢಿ. ಖಾನಾವಳಿಯ ಪಾತ್ರೆ, ಹಂಚು, ಮಣೆಗಳನ್ನು ಹರಿಹರದಿಂದ ತಂದು ಹಿತ್ತಲಲ್ಲಿ ಪೇರಿಸಿದಾಗ ಅತ್ತೆ ಕಿಟಕಿಯಿಂದ ನೋಡಿದರು. “ಮನಿಗೆ ಸುಣ್ಣ ಹೊಡೆಸ್ತಿದೀವ್ರಿ” ಎಂದೆ. ಹೂಂ ಎಂದರು. ಒಂದು ಸುಳ್ಳು ಎಷ್ಟು ಸಲೀಸಾಗಿ ನಡೆಯಿತು ಎಂದು ನನಗೇ ಆಶ್ಚರ್ಯ.

ನನ್ನ ನಾದಿನಿ ಶಾಂತಕ್ಕ ಆನಗೋಡಿನಲ್ಲಿ ಇರುವವಳು. ಗಂಡನ ಮನೆಯದು ಹೊಲ, ಎಮ್ಮೆ, ಕೈತುಂಬಾ ಕೆಲಸ. ಸುದ್ದಿ ಅವಳ ಕಿವಿಗೆ ಬಿದ್ದ ಮಾರನೆಯ ದಿನವೇ ಬಸ್ಸು ಹತ್ತಿ ಬಂದಳು. ಚಪ್ಪಲಿ ಬಿಡುವ ಮೊದಲೇ ಮಾತು.

“ಬರೆಸ್ಕೊಳ್ಳೋವಾಗ ನೋಡ್ಕೊಂತೀನಿ ಅಂತ ಬರೆಸ್ಕೊಂಡಿ. ಈಗ ಮಾರಿ ಕೈ ತೊಳ್ಕೊಂತಿಯೇನು? ಆ ಮನಿ ಹೋದ್ರೆ ನಂಗೆ ತವರು ಎಲ್ಲೈತೆ, ಸುಮಾ?”

“ಅವರ ಔಷಧಕ್ಕೇ ಶಾಂತಕ್ಕ. ನನಗೆ ಅದರಲ್ಲಿ ಒಂದು ಸೀರಿನೂ ಬ್ಯಾಡ.”

ಅವಳು ದಡದಡ ಒಳಗೆ ಹೋಗಿ ಬಂದಳು. “ನಮ್ಮವ್ವಗೆ ಮಾರೋದು ಇಷ್ಟ ಇಲ್ಲ. ಈಗ ಒಳಗೆ ಹೋಗಿ ಕೇಳಿ ಬಂದೀನಿ. ಮನಿ ಇಟ್ಕೊಳ್ಳಾಣ ಅಲ್ಲೇನವ್ವ ಅಂದೆ. ಹೂಂ ಅಂದ್ಲು.”

ನಾನು ಬಿಡಲಿಲ್ಲ. ಅವಳ ಎದುರಿಗೇ ಒಳಗೆ ಹೋಗಿ, “ಅತ್ತಿ, ನಿಮ್ಮ ಔಷಧಕ್ಕೆ ಮನಿ ಮಾರಾಣೇನ್ರಿ?” ಎಂದು ಕೇಳಿಯೇಬಿಟ್ಟೆ. ಸುಣ್ಣದ ಸುಳ್ಳು ಅಲ್ಲಿಗೆ ಮುಗಿಯಿತು.

“ಹೂಂ.”

ಶಾಂತಕ್ಕ ಬಾಗಿಲಲ್ಲಿ ನಿಂತು, ನಾನು ಕಣ್ಣಲ್ಲೇ ಹೆದರಿಸಿ ಹೇಳಿಸಿದೆ ಎಂದಳು. ಅವಳು ಪುಸಲಾಯಿಸಿ ಹೇಳಿಸಿಕೊಂಡಳು ಎಂದೆ ನಾನು. ಹಾಸಿಗೆಯಲ್ಲಿ ಆ ಜೀವ ಮಲಗಿರುವಾಗ ಇಬ್ಬರೂ ಒಂದೊಂದು ಹೂಂ ಹಿಡಿದುಕೊಂಡು ಜಗಳವಾಡಿದೆವು. ಕೊನೆಗೆ ಶಾಂತಕ್ಕನೇ ಒಂದು ಮಾತಿಗೆ ಬಂದಳು. “ಆಫೀಸರ್ ಮುಂದೆ ನಮ್ಮವ್ವ ಹೂಂ ಅನ್ಲಿ. ಆಮೇಲೆ ನಾನು ಬಾಯಿ ತೆಗೆಯಂಗಿಲ್ಲ.”

ರಿಜಿಸ್ಟ್ರೇಷನ್ ಸ್ಲಾಟ್ ಸಿಕ್ಕಿತು. ಅದಕ್ಕೆ ನಾಲ್ಕು ದಿನ ಮುಂಚೆ ಸ್ಪೀಚ್ ಥೆರಪಿಸ್ಟ್ ಮೊದಲ ಸಲ ಅತ್ತೆಯನ್ನು ನೋಡಿದರು. ಆಗಷ್ಟೇ ಓದು ಮುಗಿಸಿದ ಹುಡುಗಿಯ ಹಾಗಿದ್ದರು. ಅತ್ತೆಯ ಎದುರು ಕುರ್ಚಿ ಎಳೆದುಕೊಂಡು ಕೂತು ಕೇಳಿದರು.

“ಅಜ್ಜಿ, ನೀವು ಹೆಂಗಸಾ?”

“ಹೂಂ.”

“ನೀವು ಗಂಡಸಾ?”

“ಹೂಂ.”

ಅವರು ನನ್ನ ಕಡೆ ತಿರುಗಿದರು.

“ಇದಕ್ಕೆ ಅಫೇಸಿಯಾ ಅಂತೀವಿ” ಎಂದರು ಅವರು. “ಒಳಗೆ ಅರ್ಥ ಆಗ್ತಾ ಇರುತ್ತೆ. ಹೊರಗೆ ಬರೋ ಮಾತು ಅವರ ಹಿಡಿತದಲ್ಲಿ ಇಲ್ಲ. ಏನು ಹೇಳೋಕೆ ಹೋದ್ರೂ ಅದೇ ಬರುತ್ತೆ. ಯಾವತ್ತೂ ಒಂದೇ ಕಡೆಯಿಂದ ಕೇಳಬೇಡಿ. ತಿರುಗಿಸಿನೂ ಕೇಳಿ.”

ನಾಲ್ಕು ತಿಂಗಳಿಂದ ನಾನು ಒಂದೇ ಕಡೆಯಿಂದ ಕೇಳಿದ್ದೆ. ನೋವೈತೇನ್ರಿ ಎಂದು ಕೇಳಿ ಮಾತ್ರೆ ಕೊಟ್ಟಿದ್ದೆ, ಸಾಕೇನ್ರಿ ಎಂದು ಕೇಳಿ ತಟ್ಟೆ ಎತ್ತಿದ್ದೆ. ಎಷ್ಟು ದಿನ ಅವರು ಹಸಿದುಕೊಂಡೇ ಮಲಗಿದ್ದರೋ ಗೊತ್ತಿಲ್ಲ.

ನಿಜ ಹೇಳುತ್ತೇನೆ. ಈ ವಿಷಯ ನಾನು ಶಾಂತಕ್ಕನಿಗೆ ಹೇಳಲಿಲ್ಲ. ದಸ್ತಾವೇಜು ಬರೆಯುವವರಿಗೆ ಮಾತ್ರ ಬಾಯಿ ಬಿಟ್ಟೆ. ಅವರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, “ಆಫೀಸರ್ ಕೇಳೋದು ಒಂದು ಸಲ. ಹೂಂ ಅಂದ್ರೆ ಮುಗೀತು. ನೀವ್ಯಾಕ ಇರೋ ದಾರಿಗೆ ಮುಳ್ಳು ಹಾಕ್ತೀರಿ?” ಎಂದರು. ಅವರ ಫೀಸು ಎಣಿಸಿ ಕೊಟ್ಟು ಬಂದೆ. ಆ ಹೂಂ ನನ್ನ ಕಡೆಗೇ ಬೀಳುತ್ತದೆ ಎಂದು ಗೊತ್ತಿತ್ತು. ಅತ್ತೆಯ ಒಳ್ಳೆಯದಕ್ಕೇ ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹರಿಹರದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಓಮ್ನಿ ಗಾಡಿಯಲ್ಲಿ ಕರೆದುಕೊಂಡು ಹೋದೆವು. ವೀಲ್‌ಚೇರ್ ಮೆಟ್ಟಿಲು ಹತ್ತದೆ ಇಬ್ಬರು ಎತ್ತಿದರು. ಒಳಗೆ ಸೆಕೆ, ನೂಕುನುಗ್ಗಲು. ಅತ್ತೆಯ ತಲೆ ಒಂದು ಕಡೆ ವಾಲುತ್ತಿತ್ತು. ಶಾಂತಕ್ಕ ಹಿಂದೆ ನಿಂತು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು. ಕ್ಯಾಮೆರಾ ಅತ್ತೆಯ ಕಡೆ ತಿರುಗಿತು. ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ದನಿ ಎತ್ತರಿಸಿ ಕೇಳಿದರು.

“ಅಜ್ಜಿ, ನೀವು ಸೊಸೆಗೆ ಕೊಟ್ಟ ಮನೆ ಅವರು ಮಾರ್ತಿದಾರೆ. ನಿಮಗೆ ಒಪ್ಪಿಗೆನಾ?”

“ಹೂಂ.”

ಮುಗಿಯಿತು. ದಸ್ತಾವೇಜಿನವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಹೆಬ್ಬೆಟ್ಟಿನ ಮೆಷಿನ್ ಮುಂದೆ ಬಂತು. ನಾನು ಶಾಂತಕ್ಕನನ್ನು ನೋಡಿದೆ. ನೋಡಬಾರದಿತ್ತು. ಅವಳು ಜಗಳವಾಡಲಿಲ್ಲ. ತಾಯಿಯ ಎಡಗೈ ಹಿಡಿದು, ಬೆರಳು ಬಿಡಿಸಿ, ತಾನೇ ಆ ಮೆಷಿನ್ ಹತ್ತಿರ ಒಯ್ಯುತ್ತಿದ್ದಳು. ಕೊಟ್ಟ ಮಾತಿನಂತೆ ನಡೆದುಕೊಳ್ಳುತ್ತಿದ್ದಳು.

“ಮೇಡಂ” ಎಂದೆ. “ಉಲ್ಟಾ ಕೇಳ್ರಿ.”

“ಏನು?”

“ಒಪ್ಪಿಗೆ ಇಲ್ವಾ ಅಂತ ಕೇಳ್ರಿ.”

ಅವರು ಕೇಳಿದರು. ಅತ್ತೆ ಹೂಂ ಎಂದರು.

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ, ಇವರು ತಿಳಿದು ಒಪ್ಪಿದ್ದಾರೆ ಎಂದು ತಮಗೆ ಖಾತ್ರಿಯಾಗದೆ ನೋಂದಣಿ ಮಾಡುವುದಿಲ್ಲ ಎಂದು ಮುಂದಿನವರನ್ನು ಕರೆದರು. ಹೊರಗೆ ಬಂದ ಮೇಲೆ ಹಾರ್ಡ್‌ವೇರಿನವರು, “ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲಮ್ಮ” ಎಂದರು. ಆದರೂ ಒಳ್ಳೆಯ ಮನುಷ್ಯ. ಒಂದೂವರೆ ತಿಂಗಳು ಕಾಯುತ್ತೇನೆ, ಆಮೇಲೆ ಬೇರೆ ಕಡೆ ನೋಡುತ್ತೇನೆ ಎಂದರು.

ಗಾಡಿ ಬಾತಿ ಊರು ದಾಟಿದ ಮೇಲೆ ಶಾಂತಕ್ಕ, “ನಿಂಗೆ ಮೊದಲೇ ಗೊತ್ತಿತ್ತೇನು?” ಎಂದಳು.

“ನಾಲ್ಕು ದಿನದಿಂದ.”

“ನನ್ನ ಹೂಂನೂ ಸುಳ್ಳೇ ಹಂಗಾದ್ರೆ” ಎಂದು ಕಿಟಕಿಯ ಕಡೆ ತಿರುಗಿದಳು.

ಮುಂದಿನ ವಾರದಿಂದ ಅವಳು ವಾರಕ್ಕೆ ಮೂರು ದಿನ ಬರತೊಡಗಿದಳು. ಪ್ರೀತಿಯಿಂದ ಅಲ್ಲ. ನಾನು ಅತ್ತೆಗೆ ಉತ್ತರ ಕಲಿಸಿಬಿಡುತ್ತೇನೆ ಎಂಬ ಅನುಮಾನದಿಂದ. ಬರಲಿ, ನನಗೇನು ಎಂದುಕೊಂಡೆ. ಅನುಮಾನಕ್ಕೆ ಬಂದವಳು ಬಟ್ಟೆ ಬದಲಿಸಿದಳು, ಬೆನ್ನಿಗೆ ಪೌಡರ್ ಹಾಕಿದಳು, ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದಳು. ನಾನು ನಾಲ್ಕೈದು ತಿಂಗಳಲ್ಲಿ ಮೊದಲ ಸಲ ಮಧ್ಯಾಹ್ನ ಒಂದು ತಾಸು ನಿದ್ದೆ ಮಾಡಿದೆ.

ಥೆರಪಿಸ್ಟ್ ಹೇಳಿಕೊಟ್ಟದ್ದು ಸರಳ. ತಪ್ಪು ಪ್ರಶ್ನೆ ಕೇಳಬೇಕು. ಸುಮ್ಮನೆ ಹೂಂ ಎನ್ನಲಾಗದಂಥ ಪ್ರಶ್ನೆ. ಚಮಚ ತೋರಿಸಿ ಇದು ಪೊರಕೇನಾ ಎಂದು ಕೇಳಬೇಕು. ಶಾಂತಕ್ಕನಿಗೆ ಇದು ಬಹಳ ಹಿಡಿಸಿತು. “ಅವ್ವ, ಸುಮಾ ನಿನ್ನ ಅತ್ತಿನಾ?” ಎಂದಳು ಒಂದು ದಿನ. ಅತ್ತೆಯ ಬಾಯಿ ಎಡಗಡೆಗೆ ಎಳೆದುಕೊಂಡು ನಗು ಬಂತು. ಹೂಂ ಎಂದೇ ಅಂದರು. ಅಂದು, ತಮ್ಮ ಮಾತು ತಾವೇ ಕೇಳಿ, ಎಡಗೈಯಿಂದ ಮಂಚ ಗುದ್ದಿದರು. ತಪ್ಪು ಎಂದು ಅವರಿಗೆ ಗೊತ್ತಿತ್ತು. ಒಳಗೆ ಎಲ್ಲ ಇತ್ತು. ಆ ದಿನ ಮೂವರೂ ಅತ್ತೆವು.

ಒಂದು ತಿಂಗಳು ದಾಟಿತು. ಹಾರ್ಡ್‌ವೇರಿನವರು ಎರಡು ಸಲ ಫೋನ್ ಮಾಡಿದರು. ಹಣ ಸಾಲದೆ ಫಿಸಿಯೋಥೆರಪಿಯನ್ನು ದಿನ ಬಿಟ್ಟು ದಿನ ಮಾಡಿಸಿದೆವು. ನಡುನಡುವೆ ನನಗೆ ವಿಪರೀತ ಸಿಟ್ಟು ಬರುತ್ತಿತ್ತು, ನನ್ನ ಮೇಲೇ. ಆ ದಿನ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಅತ್ತೆ ಕೋಲು ಹಿಡಿದು ನಿಲ್ಲುತ್ತಿದ್ದರೇನೋ.

ಒಂದು ಬೆಳಿಗ್ಗೆ ರಾಗಿ ಗಂಜಿ ಕುಡಿಸುತ್ತಿದ್ದೆ. ಟ್ಯೂಬ್ ತೆಗೆದು ಆಗಲೇ ಬಹಳ ದಿನವಾಗಿತ್ತು. ಆಫೀಸಿಗೆ ತಡವಾಗಿತ್ತು, ಅವಸರದಲ್ಲಿ ಇನ್ನೊಂದು ಚಮಚ ತುಂಬಿ ತುಟಿಗೆ ಇಟ್ಟೆ.

“ಬ್ಯಾಡ.”

ಚಮಚ ನನ್ನ ಕೈಯಿಂದ ಜಾರಿತು. ಒಳಗಿನಿಂದ ಶಾಂತಕ್ಕ, “ಯಾರು ಅಂದಿದ್ದು?” ಎಂದು ಓಡಿ ಬಂದಳು. ನಾನು ಚಮಚ ಎತ್ತಿ ಮತ್ತೆ ತೋರಿಸಿದೆ. ಅತ್ತೆ ಮುಖ ತಿರುಗಿಸಿದರು. “ಬ್ಯಾಡ.” ಶಾಂತಕ್ಕ ನೀರಿನ ಲೋಟ ಹಿಡಿದಳು. “ಹೂಂ.” ಕುಡಿದರು. ಥೆರಪಿಸ್ಟ್ ಬಂದು ವಾರವಿಡೀ ಹಿಂದೆಮುಂದೆ ಕೇಳಿ ನೋಡಿದರು. ಹತ್ತರಲ್ಲಿ ಎಂಟೋ ಒಂಬತ್ತೋ ಸರಿ. ಡಾಕ್ಟರು ಸರ್ಟಿಫಿಕೇಟ್ ಕೊಡಲು ಒಪ್ಪಿದರು.

ಈಗ ಕೇಳಬೇಕಿತ್ತು. ನನಗೆ ಧೈರ್ಯವಿರಲಿಲ್ಲ. ಶಾಂತಕ್ಕನಿಗೂ ಇರಲಿಲ್ಲ. ಅವರು ಏನು ಹೇಳಿದರೂ ಇಬ್ಬರೂ ಒಪ್ಪಬೇಕು ಎಂದು ಮೊದಲೇ ಮಾತಾಡಿಕೊಂಡೆವು. ಇನ್ನೊಂದು ನಿಯಮ ಶಾಂತಕ್ಕನೇ ಹಾಕಿದಳು. “ನಿನ್ನ ಪ್ರಶ್ನೆ ನಾನು ಕೇಳ್ತೀನಿ. ನನ್ನ ಪ್ರಶ್ನೆ ನೀನು ಕೇಳು.”

ಹರಿಹರಕ್ಕೇ ಕರೆದುಕೊಂಡು ಹೋದೆವು. ಖಾನಾವಳಿಯ ಉದ್ದ ಪಡಸಾಲೆ ಖಾಲಿ. ಗೋಡೆಗೆ ಒರಗಿ ಕೂತವರ ತಲೆಯೆಣ್ಣೆಯ ಕಲೆ ಸಾಲಾಗಿ ಹಾಗೇ ಇತ್ತು. ಅತ್ತೆ ಗೋಡೆಗಳನ್ನು ಒಂದೊಂದಾಗಿ ನೋಡಿ, ಆಮೇಲೆ ನನ್ನನ್ನು ನೋಡಿದರು.

“ಸುಣ್ಣ ಹೊಡೆಸಿಲ್ರಿ ಅತ್ತಿ” ಎಂದೆ. “ಸುಳ್ಳು ಹೇಳಿದ್ದೆ. ತಪ್ಪಾತು.” ಆಮೇಲೆ ಎಲ್ಲವನ್ನೂ ಹೇಳಿದೆ. ಥೆರಪಿ, ಒಡವೆ, ಕೊಳ್ಳುವವರು, ಆವತ್ತು ಆಫೀಸಿನಲ್ಲಿ ಆದದ್ದು. ರೊಟ್ಟಿ ನೋಡಿ ನಕ್ಕು ಕೆಲಸಕ್ಕೆ ಹೋದದ್ದನ್ನೂ ಹೇಳಿದೆ.

ಶಾಂತಕ್ಕ ನೆಲದ ಮೇಲೆ ಕೂತು ತಾಯಿಯ ಮೊಣಕಾಲು ಹಿಡಿದಳು. “ಅವ್ವ, ಈ ಮನಿ ಮಾರಾಣೇನು?”

ಅತ್ತೆ ಕಣ್ಣು ಮುಚ್ಚಿದರು. ಬ್ಯಾಡ ಅಂದರೆ ಮುಂದಿನ ತಿಂಗಳು ಏನು ಎಂದು ನನ್ನ ತಲೆ ಲೆಕ್ಕ ಹಾಕುತ್ತಲೇ ಇತ್ತು, ನಾಚಿಕೆಯಿಲ್ಲದೆ.

“ಹೂಂ.”

ಈಗ ನನ್ನ ಸರದಿ. “ಅತ್ತಿ, ಮಾರದೆ ಶಾಂತಕ್ಕಗೆ ತವರು ಅಂತ ಇಟ್ಕೊಳ್ಳಾಣೇನ್ರಿ?”

ಅವರು ಮಗಳ ತಲೆಯ ಮೇಲೆ ಎಡಗೈ ಇಟ್ಟರು.

“ಬ್ಯಾಡ.”

ಶಾಂತಕ್ಕ ಅಲ್ಲೇ ತಾಯಿಯ ಮಡಿಲಿಗೆ ಮುಖ ಒತ್ತಿಕೊಂಡು ಅತ್ತಳು. ನಾನು ಹಿತ್ತಲಿಗೆ ಹೋದೆ. ನಮ್ಮ ಸಲುವಾಗಿ ಹೂಂ ಅಂದಿರೇನ್ರಿ ಎಂದು ಆಮೇಲೆ ಗಾಡಿಯಲ್ಲಿ ಕೇಳಿದೆ. ಅದಕ್ಕೆ ಹೂಂ ಬರಲಿಲ್ಲ, ಬ್ಯಾಡವೂ ಬರಲಿಲ್ಲ. ಎರಡು ಮಾತಿನಲ್ಲಿ ಹೇಳುವಂಥದ್ದಲ್ಲವೇನೋ.

ಎರಡನೆಯ ಸಲ ಅದೇ ಆಫೀಸು, ಅದೇ ಮೆಟ್ಟಿಲು. ಸರ್ಟಿಫಿಕೇಟ್ ಓದಿ ಅಧಿಕಾರಿ ತಾವಾಗಿಯೇ ಎರಡೂ ಕಡೆಯಿಂದ ಕೇಳಿದರು. ಮಾರೋದು ಒಪ್ಪಿಗೆನಾ? ಹೂಂ. ಮಾರದೇ ಇಟ್ಕೊಳ್ಳೋಣ್ವಾ? ಬ್ಯಾಡ. ಆಮೇಲೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಕೇಳಿದರು. “ಯಾರಾದ್ರೂ ಒತ್ತಾಯ ಮಾಡಿ ಕರ್ಕೊಂಡು ಬಂದಿದಾರಾ?”

ಅತ್ತೆಗೆ ‘ಇಲ್ಲ’ ಎಂಬ ಮಾತು ಇನ್ನೂ ಬಂದಿಲ್ಲ. ಅವರು ಅಧಿಕಾರಿಯನ್ನು ದಿಟ್ಟಿಸಿ, ಎಡಗೈಯಿಂದ ತಮ್ಮ ಎದೆಯನ್ನು ಎರಡು ಸಲ ಬಡಿದುಕೊಂಡರು. ಅಧಿಕಾರಿ, “ಸರಿ ಅಜ್ಜಿ” ಎಂದು ಮೆಷಿನ್ ಮುಂದೆ ಸರಿಸಿದರು. ಅತ್ತೆ ನಲವತ್ತು ದಾಟಿದ ಮೇಲೆ ಹಟ ಹಿಡಿದು ಸಹಿ ಕಲಿತವರು. ಹೆಬ್ಬೆಟ್ಟು ಒತ್ತುವಾಗ ಮುಖ ಸಣ್ಣದಾಯಿತು. ಆದರೆ ಕೈಯನ್ನು ಯಾರೂ ಹಿಡಿಯಲಿಲ್ಲ. ತಾವೇ ಒತ್ತಿದರು.

ಇದೆಲ್ಲ ಆಗಿ ಐದು ವಾರ. ಹಣ ಅತ್ತೆಯ ಹೆಸರಿನಲ್ಲೇ ಬ್ಯಾಂಕಿನಲ್ಲಿದೆ. ಥೆರಪಿ ದಿನವೂ ನಡೆಯುತ್ತಿದೆ. ಮೊನ್ನೆ ಕಂಬಿ ಹಿಡಿದು ನಿಂತರು, ಎಣಿಸಿ ಹನ್ನೆರಡು ಸೆಕೆಂಡು. ನಡೆಯುತ್ತಾರೋ ಇಲ್ಲವೋ, ಡಾಕ್ಟರು ಮಾತು ಕೊಡುವುದಿಲ್ಲ. ಇನ್ನೊಂದು ಸ್ಟ್ರೋಕ್ ಆಗಬಹುದು ಎಂದೂ ಹೇಳಿದ್ದಾರೆ. ಹೆಣ್ಣುಮಕ್ಕಳು ತವರಿಗೆ ಬರುವ ನಾಗರಪಂಚಮಿಗೆ ಶಾಂತಕ್ಕ ನಮ್ಮ ಬಾಡಿಗೆ ಮನೆಗೇ ಬರುತ್ತಾಳಂತೆ. ಕರೆಯಲು ನಾನೇ ಆನಗೋಡಿಗೆ ಹೋಗಬೇಕಂತೆ, ಕುಪ್ಪಸದ ಕಣ ಹಿಡಿದುಕೊಂಡು. ಹೋಗುತ್ತೇನೆ.

ಅತ್ತೆ ಈಗ ದಿನಕ್ಕೆ ಇಪ್ಪತ್ತು ಸಲ ಬ್ಯಾಡ ಅನ್ನುತ್ತಾರೆ. ಮಾತ್ರೆ ಬ್ಯಾಡ, ಸ್ವೆಟರ್ ಬ್ಯಾಡ, ನನ್ನ ಕೈಯ ಸಪ್ಪೆ ಗಂಜಿಯಂತೂ ಬ್ಯಾಡವೇ ಬ್ಯಾಡ. ಆಫೀಸಿಗೆ ತಡವಾಗುತ್ತದೆ. ಸಿಟ್ಟು ಬರುತ್ತದೆ. ಆದರೂ ಚಮಚ ಕೆಳಗಿಡುತ್ತೇನೆ.